ಫಾರ್ಮ್ಯಾಟ್ ಹೊಡೆಯುವ ಮೊದಲು

ನಮ್ಮ ಕಡೆ ಕಂಪ್ಯೂಟರನ್ನು ಯಾರೂ ಫಾರ್ಮ್ಯಾಟ್ ಮಾಡುವುದಿಲ್ಲ, ಹೊಡೆಯುತ್ತಾರೆ. ‘ಸಿಸ್ಟಮ್ ಸ್ಲೋ ಆಗಿದೆಯಾ? ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ ಸಾರ್.’ ತೋಟಕ್ಕೆ ಔಷಧಿ ಹೊಡೆದ ಹಾಗೆ, ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದ ಹಾಗೆ. ಈ ಎರಡನೆಯ ಹೋಲಿಕೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಸುಣ್ಣ ಹೊಡೆಯುವ ಹಿಂದಿನ ದಿನ ಗೋಡೆಯ ಮೇಲಿನ ಫೋಟೋ, ಕ್ಯಾಲೆಂಡರು, ಗಡಿಯಾರ ಎಲ್ಲವನ್ನೂ ಜೋಪಾನವಾಗಿ ಇಳಿಸಿಡುತ್ತೇವೆ. ಇಳಿಸಲಿಕ್ಕಾಗದ್ದು ಗೋಡೆಯ ಮೇಲೇ ಪೆನ್ಸಿಲ್ಲಿನಲ್ಲಿ ಬರೆದದ್ದು: ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಖು, ಯುಗಾದಿಯಿಂದ ಯುಗಾದಿಗೆ ಮಗು ಎಷ್ಟು ಎತ್ತರವಾಯಿತೆಂಬ ಗೀಟುಗಳು. ಕಂಪ್ಯೂಟರಿನಲ್ಲೂ ಹಾಗೆಯೇ. ಫೋಟೋ, ಹಾಡು, ಸಿನಿಮಾ ಎಲ್ಲರೂ ಇಳಿಸಿಕೊಳ್ಳುತ್ತಾರೆ. ಹೋಗುವುದು ಗೋಡೆಯ ಮೇಲಿನ ಬರಹ.

ಅಮ್ಮ ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹದಿನೈದು ವರ್ಷ ಡಿಟಿಪಿ ಕೆಲಸ ಮಾಡಿದಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಬಿ.ಎಡ್. ಹುಡುಗಿಯರ ಪ್ರಾಜೆಕ್ಟು, ಸಾವಿನ ಮನೆಯ ಕಾರ್ಡು. ಕೊನೆಯದರಲ್ಲಿ ಯಾರ ಮನೆಗೆ ‘ಶಿವಗಣಾರಾಧನೆ’ ಬರೆಯಬೇಕು, ಯಾರಿಗೆ ‘ವೈಕುಂಠ ಸಮಾರಾಧನೆ’ ಬರೆಯಬೇಕು ಎಂಬುದನ್ನು ಅವಳು ಕೇಳದೆಯೇ ಬಲ್ಲವಳಾಗಿದ್ದಳು. ಎಲ್ಲವನ್ನೂ ಮಾಡಿದ್ದು ಒಂದೇ ಕಂಪ್ಯೂಟರಿನಲ್ಲಿ. 2008ರಲ್ಲಿ ಬಿಡಿಭಾಗ ಜೋಡಿಸಿ ತಂದದ್ದು, 80 ಜಿಬಿ ಹಾರ್ಡ್‌ಡಿಸ್ಕು, ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತುಹೋಯಿತೆಂದು ಪೇಪರಿನಲ್ಲಿ ಬಂದಾಗ ಅಮ್ಮ ಓದಿ ಪಕ್ಕಕ್ಕಿಟ್ಟಳು. ಅವಳ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇರಲಿಲ್ಲ. ಯಾವ ಬೆಂಬಲವನ್ನೂ ಅದು ಯಾವತ್ತೂ ಕೇಳಿರಲಿಲ್ಲ.

ಈಗ ಅಪ್ಪನಿಗೆ ಆ ಕಂಪ್ಯೂಟರಿಗೆ ಹೊಸ ಜೀವ ಕೊಡಬೇಕೆಂಬ ಆಸೆ. ಹಳೇ ಹಾರ್ಡ್‌ಡಿಸ್ಕಿನ ಜತೆಗೊಂದು ಎಸ್‌ಎಸ್‌ಡಿ, ಇನ್ನಷ್ಟು ರ್‍ಯಾಮ್, ಹೊಸ ವಿಂಡೋಸ್. ರಿಪೇರಿಯ ಹುಡುಗ ಬಂದ. ಒಳ್ಳೆಯ ಹುಡುಗ, ಕೆಲಸ ಗೊತ್ತಿದ್ದವನು. ‘ಅಕ್ಕಾ, ಸಿ ಡ್ರೈವ್ ಮಾತ್ರ ಹೊಡೀತೀನಿ. ಡಿ, ಇ ಎರಡರಲ್ಲಿರೋದು ಎಲ್ಲೂ ಹೋಗಲ್ಲ’ ಅಂದ. ರಜೆಗೆ ಮನೆಗೆ ಬಂದಿದ್ದ ನಾನು, ‘ಒಂದು ವಾರ ಬಿಟ್ಟು ಬನ್ನಿ’ ಎಂದು ಅವನನ್ನು ಕಳಿಸಿದೆ.

ಅವನ ಮಾತು ಸುಳ್ಳಲ್ಲ. ಒಂದೇ ಡಿಸ್ಕನ್ನು ಎರಡು ಮೂರು ಪಾಲು ಮಾಡಿ, ಮೊದಲ ಪಾಲಿನಲ್ಲಿ ವಿಂಡೋಸ್, ಮಿಕ್ಕವುಗಳಲ್ಲಿ ನಮ್ಮ ಸಾಮಾನು ಇಡುವುದು ಊರೂರಿನಲ್ಲೂ ನಡೆದುಬಂದ ಪದ್ಧತಿ. ಆದರೆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ. ಮೈ ಡಾಕ್ಯುಮೆಂಟ್ಸೂ ಅಲ್ಲೇ. ಗಡಿಬಿಡಿಯಲ್ಲಿ ಉಳಿಸಿದ್ದೆಲ್ಲ ಹೋಗಿ ಕೂರುವುದು ಈ ಎರಡು ಜಾಗದಲ್ಲೇ. ಇವು ಕಣ್ಣಿಗಾದರೂ ಕಾಣುತ್ತವೆ. ಕಾಣದವು ಬೇರೆ ಇವೆ. ಯಾವುದೇ ತಂತ್ರಾಂಶವನ್ನು ನಾವು ವರ್ಷಗಟ್ಟಲೆ ಬಳಸುವಾಗ ಅದಕ್ಕೆ ನಮ್ಮ ಕೈಯ ಗುರುತು ಹತ್ತಿರುತ್ತದೆ. ಆ ಗುರುತುಗಳನ್ನು ಅದು ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಇಡುವುದಿಲ್ಲ. ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ ಮರೆಮಾಡಿದ ಇನ್ನೊಂದು ಫೋಲ್ಡರಿನಲ್ಲಿ, ಇಲ್ಲವೇ ರಿಜಿಸ್ಟ್ರಿಯಲ್ಲಿ ಇಡುತ್ತದೆ. ಎಕ್ಸ್‌ಪಿಯಲ್ಲಿ ಆ ಫೋಲ್ಡರಿನ ಹೆಸರು ಅಪ್ಲಿಕೇಶನ್ ಡೇಟಾ, ಈಗಿನವುಗಳಲ್ಲಿ ಆಪ್‌ಡೇಟಾ. ಎಲ್ಲವೂ ಸಿ ಡ್ರೈವಿನಲ್ಲೇ.

ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಇದರ ಹತ್ತಿರದ ಉದಾಹರಣೆ ಝೊಟೆರೊ. ನಾಲ್ಕು ವರ್ಷ ಓದಿದ ಲೇಖನಗಳ ಪಿಡಿಎಫ್ ಕಾಪಿ ಮಾಡಿಟ್ಟುಕೊಂಡು ನಿಶ್ಚಿಂತೆಯಿಂದ ಫಾರ್ಮ್ಯಾಟ್ ಹೊಡೆಸಿದವರನ್ನು ಹಾಸ್ಟೆಲಿನಲ್ಲಿ ಕಂಡಿದ್ದೇನೆ. ಪಿಡಿಎಫ್ ಉಳಿಯಿತು. ಆದರೆ ಯಾವ ಲೇಖನ ಯಾವ ಅಧ್ಯಾಯಕ್ಕೆ, ಅದರ ಬಗ್ಗೆ ಬರೆದುಕೊಂಡ ಟಿಪ್ಪಣಿ ಏನು, ಇವೆಲ್ಲ ಇರುವುದು ಬಳಕೆದಾರರ ಫೋಲ್ಡರಿನಲ್ಲಿರುವ ಝೊಟೆರೊ ಎಂಬ ಇಡೀ ಕಡತಕೋಶದಲ್ಲಿ, ಅದರೊಳಗಿನ ಒಂದೇ ಒಂದು ಡೇಟಾಬೇಸ್ ಫೈಲಿನಲ್ಲಿ. ತಂತ್ರಾಂಶವನ್ನು ಮುಚ್ಚಿ ಆ ಫೋಲ್ಡರನ್ನು ಹಾಗೇ ಎತ್ತಿಟ್ಟುಕೊಂಡರೆ ಆಯಿತು, ಐದು ನಿಮಿಷದ ಕೆಲಸ. ಬ್ರೌಸರಿನ ಬುಕ್‌ಮಾರ್ಕು, ಪಾಸ್‌ವರ್ಡುಗಳೂ ಇಂಥವೇ.

ಅಮ್ಮನ ಕಂಪ್ಯೂಟರಿನದು ಐದು ನಿಮಿಷದ ಕೆಲಸವಲ್ಲ. ಅದಕ್ಕೆ ಕಾರಣ ಕನ್ನಡ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೊಬೈಲಿನಲ್ಲೇ ಕನ್ನಡ ಕಲಿತ ಈಗಿನ ಪದವಿ ವಿದ್ಯಾರ್ಥಿಗಳಿಗೆ ಇದು ಪುರಾಣದಂತೆ ಕೇಳಿಸುತ್ತದೆ. ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಕೊಟ್ಟಿತ್ತು. ‘ಕ’ಗೆ ಒಂದು ಸಂಖ್ಯೆ, ‘ಖ’ಗೆ ಇನ್ನೊಂದು, ಎಲ್ಲಿ ಹೋದರೂ ಅದೇ. ಆದರೆ ನಮ್ಮ ಅಂಗಡಿಗಳ ಕಂಪ್ಯೂಟರುಗಳೂ ಪುಟ ಕಟ್ಟುವ ತಂತ್ರಾಂಶಗಳೂ ಅದನ್ನು ಅರ್ಥ ಮಾಡಿಕೊಳ್ಳಲು ಬಹಳ ವರ್ಷ ಹಿಡಿಯಿತು. ಅಷ್ಟರವರೆಗೆ ಕಾಯಲು ಮದುವೆಯ ಮುಹೂರ್ತಗಳು ತಯಾರಿರಲಿಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯೂರೋಪಿನ ಭಾಷೆಗಳ ಅಕ್ಷರಗಳಿಗೆ ಇದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ತಂದು ಕೂರಿಸಿದರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಜನರ ಬೆರಳಿಗೆ ಹತ್ತಿತು. ಇವುಗಳ ಜತೆಗೆ ದುಡ್ಡು ಕೊಟ್ಟು ತರುವ ಲಿಪಿ ತಂತ್ರಾಂಶಗಳು ಬೇರೆ.

ಉಪಾಯದ ತೊಡಕು ಏನೆಂದರೆ, ಫಾಂಟು ಇರುವವರೆಗೆ ಮಾತ್ರ ಅದು ಕನ್ನಡ. ನುಡಿಯಲ್ಲಿ ‘ಕನ್ನಡ’ ಎಂದು ಬರೆದ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ: ಇಂಗ್ಲಿಷಿನ ದೊಡ್ಡ ‘ಪಿ’, ತಲೆ ಮೇಲೊಂದು ಓರೆಗೀಟು ಹೊತ್ತ ‘ಎ’, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತದೇ ಓರೆಗೀಟಿನ ‘ಎ’, ಜರ್ಮನ್ನರು ಜೋಡಿ ‘ಎಸ್’ ಬದಲಿಗೆ ಬರೆಯುವ ಅಕ್ಷರ, ಚಿಕ್ಕ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಆ ‘ಎ’. ಇಷ್ಟೇ ಕನ್ನಡ. ಓರೆಗೀಟಿನ ‘ಎ’ ನಮ್ಮ ತಲೆಕಟ್ಟು, ಜರ್ಮನ್ ಅಕ್ಷರ ‘ನ’ದ ಒತ್ತು. ಫೈಲಿನೊಳಗೆ ಕನ್ನಡವಿಲ್ಲ, ಕನ್ನಡವಿರುವುದು ಫಾಂಟಿನೊಳಗೆ. ಮತ್ತು ಫಾಂಟು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ.

ಅಂದರೆ ಡಿ ಡ್ರೈವ್ ಉಳಿಯುತ್ತದೆ ಎಂಬುದು ನಿಜ. ಬೀರು ಉಳಿಯುತ್ತದೆ, ಒಳಗಿನ ಪತ್ರಗಳೂ ಉಳಿಯುತ್ತವೆ, ಓದುವ ಕಣ್ಣು ಮಾತ್ರ ಹೋಗುತ್ತದೆ.

‘ಅದರಲ್ಲೇನಿದೆ ಅಂತ ಒದ್ದಾಡ್ತೀಯೇ’ ಅಂದಳು ಅಮ್ಮ. ‘ಎಲ್ಲ ಮದುವೆ ಕಾರ್ಡು. ಮದುವೆ ಆಗಿ, ಮಕ್ಕಳಾಗಿ, ಆ ಮಕ್ಕಳೂ ಹೈಸ್ಕೂಲಿಗೆ ಹೋಗ್ತಿವೆ. ಇನ್ನೇನು ಅವರನ್ನ ಮತ್ತೆ ಕರೀಬೇಕಾ?’

ನಗು ಬಂತು. ಆದರೆ ಅಮ್ಮನಿಗೂ ಒಂದು ವಿಷಯ ಚೆನ್ನಾಗಿ ನೆನಪಿತ್ತು. ಹಿಂದಿನ ತಿಂಗಳು ಹೊನ್ನವಳ್ಳಿ ಕಡೆಯ ಒಬ್ಬರು ಮನೆ ಹುಡುಕಿಕೊಂಡು ಬಂದಿದ್ದರು. ಅವರ ತಂದೆ ತತ್ವಪದ ಕಟ್ಟಿ ಹಾಡುತ್ತಿದ್ದವರು. ಮಗ 2010ರಲ್ಲಿ ಅವನ್ನೆಲ್ಲ ಬರೆಸಿ, ಅಮ್ಮನ ಹತ್ತಿರ ಕಂಪೋಸ್ ಮಾಡಿಸಿ, 200 ಪ್ರತಿ ಅಚ್ಚು ಹಾಕಿಸಿ ಊರ ಹಬ್ಬದಲ್ಲಿ ಹಂಚಿದ್ದರು. ತಂದೆ ತೀರಿಕೊಂಡಿದ್ದಾರೆ. ಹಸ್ತಪ್ರತಿಯ ನೋಟ್‌ಬುಕ್ಕು ಮನೆ ಕಟ್ಟುವ ಗಲಾಟೆಯಲ್ಲಿ ಕಳೆದುಹೋಗಿದೆ. ಅವರ ಕೈಯಲ್ಲಿ ಉಳಿದಿದ್ದ ಒಂದೇ ಪ್ರತಿಗೆ ಗೆದ್ದಲು ಹತ್ತಿ ನಡುವಿನ ಪುಟಗಳಿಲ್ಲ. ವರ್ಷದ ತಿಥಿಗೆ ಪುಸ್ತಕ ಮತ್ತೆ ಮಾಡಿಸಬೇಕೆಂದು ಅವರ ಆಸೆ. ‘ತಾಯೀ, ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತಲ್ಲ’ ಅಂದಿದ್ದರಂತೆ. ಇದ್ದೇ ಇರುತ್ತೆ ಎಂದು ಅಮ್ಮನೂ ಮಾತು ಕೊಟ್ಟಿದ್ದಳು.

ಇತ್ತು. ಇ ಡ್ರೈವಿನಲ್ಲಿ ‘ಪದ ಫೈನಲ್ 3’ ಎಂಬ ಹೆಸರಿನಲ್ಲಿ. (ಡಿಟಿಪಿ ಲೋಕದಲ್ಲಿ ಫೈನಲ್ ಒಂದು ಅಂತ ಇರುವುದೇ ಇಲ್ಲ.) ಪೇಜ್‌ಮೇಕರ್ 7ರ ಫೈಲು. ಆ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಒಳಗಿನ ಪಠ್ಯ ನುಡಿ ಫಾಂಟಿನಲ್ಲಿ. ಶೀರ್ಷಿಕೆಗಳು ಮಾತ್ರ ದುಡ್ಡು ಕೊಟ್ಟು ತಂದ ಇನ್ನೊಂದು ಲಿಪಿ ತಂತ್ರಾಂಶದವು. ಅದು ಓಡಬೇಕಾದರೆ ಯುಎಸ್‌ಬಿ ಕಿಂಡಿಗೆ ಒಂದು ಡಾಂಗಲ್ ಸಿಕ್ಕಿಸಿರಬೇಕು, ಹೆಬ್ಬೆರಳಿನಷ್ಟು ಹಸಿರು ಪ್ಲಾಸ್ಟಿಕ್ಕಿನ ಬೀಗದಕೈ. ಆ ಬೀಗದಕೈ, ಆ ಲಿಪಿ, ಆ ಪೇಜ್‌ಮೇಕರ್, ಆ ಎಕ್ಸ್‌ಪಿ, ಇಷ್ಟೂ ಒಟ್ಟಿಗೆ ಇದ್ದರೆ ಆ ಮುದುಕರ ಪದಗಳು. ಒಂದು ಇಲ್ಲದಿದ್ದರೂ ಪೌಂಡು, ಜರ್ಮನ್ ಅಕ್ಷರ, ಓರೆಗೀಟು.

ಮೊದಲು ಸಿಡಿಗಳನ್ನು ಹುಡುಕಿದೆವು. ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೇ ಸೀರೆಯ ಡಬ್ಬದಲ್ಲಿ ಹನ್ನೊಂದು ಸಿಕ್ಕವು. ಮದರ್‌ಬೋರ್ಡಿನ ಡ್ರೈವರ್ ಸಿಡಿ, ಪ್ರಿಂಟರಿನದು, ಅಣ್ಣನ ಮದುವೆಯದು, ಮಾರ್ಕರ್ ಪೆನ್ನಿನಲ್ಲಿ ‘ಪಿಎಂ’ ಎಂದು ಬರೆದದ್ದು. ಪಿಎಂ ಸಿಡಿಯ ಬೆಳ್ಳಿಬಣ್ಣ ಅಂಚಿನಿಂದ ಹಪ್ಪಳದಂತೆ ಎದ್ದಿತ್ತು. ಡ್ರೈವಿಗೆ ಹಾಕಿದರೆ ಮೂರು ಸಲ ಕೊಂಯ್ ಎಂದು ತಿರುಗಿ ಸುಮ್ಮನಾಯಿತು. ಲಿಪಿಯ ಸಿಡಿ ಸಿಗಲೇ ಇಲ್ಲ. ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಹಾಗಾದರೆ ಉಳಿದದ್ದು ಒಂದೇ: ಕಂಪ್ಯೂಟರನ್ನು ಬಿಚ್ಚಿ ಸಾಮಾನು ಎತ್ತಿಡುವ ಬದಲು, ಇಡೀ ಕಂಪ್ಯೂಟರನ್ನೇ ಎತ್ತಿಡುವುದು. ಇದು ಸಾಧ್ಯ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಡಿಸ್ಕ್2ವಿಎಚ್‌ಡಿ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಅದರ ಹಳೆಯ ಆವೃತ್ತಿ ಎಕ್ಸ್‌ಪಿಯಲ್ಲೂ ಓಡುತ್ತದೆ. ಓಡುತ್ತಿರುವ ಕಂಪ್ಯೂಟರಿನ ಡಿಸ್ಕನ್ನು ವಿಂಡೋಸ್, ಫಾಂಟು, ರಿಜಿಸ್ಟ್ರಿ, ಡೆಸ್ಕ್‌ಟಾಪಿನ ಚಿತ್ರ ಸಮೇತ ಅದು ಒಂದೇ ಒಂದು ಫೈಲಾಗಿ ಬರೆದುಕೊಡುತ್ತದೆ. ಆ ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ, ಇದೂ ಉಚಿತವಾದ, ತಂತ್ರಾಂಶಕ್ಕೆ ಕೊಟ್ಟರೆ ಹಳೆಯ ಕಂಪ್ಯೂಟರು ಹೊಸದರೊಳಗೆ ಒಂದು ಕಿಟಕಿಯಾಗಿ ಎದ್ದು ಕೂರುತ್ತದೆ.

ಹೇಳಿದಷ್ಟು ಸಲೀಸಾಗಿ ಕೂರಲಿಲ್ಲ. ನನ್ನ ಎಕ್ಸ್‌ಟರ್ನಲ್ ಡಿಸ್ಕು ಎಫ್‌ಎಟಿ32 ಬಗೆಯದು. ಆ ಬಗೆಯಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಸುವುದಿಲ್ಲ, ನಮ್ಮದು 31 ಜಿಬಿ. ಡಿಸ್ಕನ್ನು ಖಾಲಿ ಮಾಡಿ ಎನ್‌ಟಿಎಫ್‌ಎಸ್‌ಗೆ ಬದಲಿಸಬೇಕಾಯಿತು, ಅಂದರೆ ಫಾರ್ಮ್ಯಾಟ್ ತಪ್ಪಿಸಲು ಮೊದಲು ಒಂದು ಫಾರ್ಮ್ಯಾಟ್ ಹೊಡೆದೆ. ಕಾಪಿ ಆಗಲು ಹತ್ತಿರ ಹತ್ತಿರ ಎರಡು ಗಂಟೆ. ನಡುವೆ ಕರೆಂಟು ಹೋಗದಿರಲಿ ಎಂದು ಅಮ್ಮ ದೇವರಿಗೆ ದೀಪ ಹಚ್ಚಿದ್ದಳು. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷಗಳಾಗಿದ್ದರಿಂದ ಅದಕ್ಕಿಂತ ಬೇರೆ ವ್ಯವಸ್ಥೆಯೂ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಎಬ್ಬಿಸಿದಾಗ ನೀಲಿ ಪರದೆ ಬಂತು. ಎಕ್ಸ್‌ಪಿ ತಾನು ಹುಟ್ಟಿದ ಡಿಸ್ಕಿನ ಬಗೆಯನ್ನೇ ಹುಡುಕುತ್ತದೆ. ವರ್ಚುವಲ್‌ಬಾಕ್ಸಿನ ಸೆಟ್ಟಿಂಗಿನಲ್ಲಿ ಡಿಸ್ಕನ್ನು ಸಾಟಾ ಇದ್ದದ್ದರಿಂದ ಐಡಿಇಗೆ ಬದಲಿಸಿದ ಮೇಲೆ ಎದ್ದಿತು. ಎದ್ದ ಮೇಲೆ, ನನ್ನ ಮೈಯೆಲ್ಲ ಬದಲಾಗಿದೆ, ನಾನು ಅಸಲಿ ಎಂಬುದಕ್ಕೆ ಮತ್ತೆ ಕೀ ಕೊಡು ಎಂದು ಕೇಳಿತು. ಕೀ ಸಿಪಿಯು ಡಬ್ಬದ ಬದಿಯ ಸ್ಟಿಕ್ಕರಿನಲ್ಲಿತ್ತು. ಮಸಿ ಮಾಸಿತ್ತು, ಟಾರ್ಚ್ ಓರೆ ಹಿಡಿದು ಓದಿದೆವು. ನೀವೂ ಇವತ್ತೇ ಅಂಥ ಸ್ಟಿಕ್ಕರುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಡಾಂಗಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆ ಕಿಂಡಿಯನ್ನು ಕಿಟಕಿಯೊಳಗಿನ ಕಂಪ್ಯೂಟರಿಗೆ ಬಿಟ್ಟುಕೊಟ್ಟೆ. ಅಮ್ಮ ಕನ್ನಡಕ ಏರಿಸಿ ಕೂತಳು. ಅದೇ ಹಸಿರು ಗುಡ್ಡದ ಚಿತ್ರ, ಅದರ ಮೇಲೆ ಅವಳು ಮೂರು ಸಾಲಾಗಿ ಜೋಡಿಸಿದ್ದ ಫೋಲ್ಡರುಗಳು. ಏನೂ ಕೇಳದೆ ಪೇಜ್‌ಮೇಕರ್ ತೆರೆದಳು, ‘ಪದ ಫೈನಲ್ 3’ ತೆರೆದಳು. ಬೆರಳುಗಳಿಗೆ ದಾರಿ ಗೊತ್ತಿತ್ತು. 64 ಪುಟ, ಒಂದೊತ್ತೂ ಕದಲಿರಲಿಲ್ಲ. ಆಮೇಲೆ ಅವಳು ಹದಿನೆಂಟನೇ ಪುಟದಲ್ಲಿ ನಿಂತು, ‘ಇಲ್ನೋಡು, ಅವತ್ತು ಅವರ ಮಗ ಪ್ರೂಫ್ ನೋಡ್ವಾಗ ಇದನ್ನ ಬಿಟ್ಟುಬಿಟ್ಟಿದ್ದಾರೆ’ ಎಂದು ಒಂದು ಕೊಂಬು ತಿದ್ದಿದಳು.

ಪುಸ್ತಕ ಮತ್ತೆ ಮಾಡಿಸಲು ಅಷ್ಟು ಸಾಕಿತ್ತು. ಪಿಡಿಎಫ್ ಮಾಡಿ, ಫಾಂಟುಗಳನ್ನು ಅದರೊಳಗೇ ಸೇರಿಸಿ ಪ್ರೆಸ್ಸಿಗೆ ಕೊಟ್ಟೆವು. ಆದರೆ ನನಗೆ ಅಷ್ಟು ಸಾಕೆನಿಸಲಿಲ್ಲ. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಅದರಲ್ಲಿ ‘ಗುರು’ ಎಂದು ಹುಡುಕಿದರೆ ಒಂದೂ ಸಿಗದು. ನನ್ನ ಸಂಶೋಧನೆ ಕನ್ನಡದ ಪದಪ್ರಯೋಗದ ಬಗ್ಗೆ. ಶೋಧಗಂಗೆಯಲ್ಲಿ ಕನ್ನಡ ಪ್ರಬಂಧಗಳನ್ನು ತೆರೆದು ಒಂದು ಸಾಲು ಕಾಪಿ ಮಾಡಿದಾಗ ಎಷ್ಟೋ ಸಲ ಇದೇ ಪೌಂಡು, ಇದೇ ಓರೆಗೀಟು ಬಂದು ಬೀಳುತ್ತವೆ. ಸಾವಿರಾರು ಮೈಲಿ ದೂರದ ಭಾಷೆಗಳ ಅಕ್ಷರಗಳನ್ನು ಹೊದ್ದುಕೊಂಡು ಕೂತ ನಮ್ಮದೇ ಎರಡು ದಶಕಗಳ ಬರವಣಿಗೆ ಅದು. ಹುಡುಕುವವರ ಪಾಲಿಗೆ ಆ ವರ್ಷಗಳಲ್ಲಿ ಕನ್ನಡಿಗರು ಏನೂ ಬರೆದೇ ಇಲ್ಲ.

ಹಾಗಾಗಿ ಪದಗಳನ್ನು ಯೂನಿಕೋಡಿಗೆ ತಂದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕೆಲಸವೂ ಮಾಡುತ್ತವೆ. ಆದರೆ ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮದಲ್ಲಿ ಬರೆದವು, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಬರೆಯುತ್ತದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ಯ’ ಆದ ಮೇಲೆ, ಬಾಯಲ್ಲಿ ಬರುವುದು ಅದಕ್ಕಿಂತ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕಿಡಬೇಕು. ಬಹುತೇಕ ಕಡೆ ಇಟ್ಟಿತು. ಅರ್ಧಾಕ್ಷರದ ಮುಂದೆ ವ್ಯಂಜನ ಬಂದಲ್ಲಿ ಎಡವಿತು. ಮುನ್ನುಡಿಯಲ್ಲಿದ್ದ ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆದರು. ಹಿಂಪುಟದಲ್ಲಿ ಇಂಗ್ಲಿಷಿನಲ್ಲಿದ್ದ ಪ್ರೆಸ್ಸಿನ ವಿಳಾಸ ಯಾವುದೋ ಬೀಜಮಂತ್ರವಾಯಿತು. ಶೀರ್ಷಿಕೆಗಳ ಲಿಪಿಯ ಮನೆಗಳೇ ಬೇರೆ, ಅದಕ್ಕೆ ಹೊಂದುವ ಪರಿವರ್ತಕ ನನಗೆ ಸಿಗಲಿಲ್ಲ. 41 ಶೀರ್ಷಿಕೆ, ಕೂತು ಟೈಪ್ ಮಾಡಿದೆ. ನಾಲ್ಕು ದಿನ ಸಂಜೆ ಅಮ್ಮ ಕಿಟಕಿಯೊಳಗಿನ ಹಳೆಯ ಪುಟ ನೋಡಿ ಓದುವುದು, ನಾನು ಹೊಸ ಪುಟ ನೋಡಿ ತಿದ್ದುವುದು. ಮೂರನೆಯ ದಿನ ಅವಳು ಓದುವುದು ಬಿಟ್ಟು ಹಾಡತೊಡಗಿದಳು. ಆ ಪದಗಳ ಧಾಟಿ ಅವಳಿಗೆ ಗೊತ್ತಿದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಂಪೋಸ್ ಮಾಡುವಾಗ ಅನುಮಾನ ಬಂದ ಕಡೆಯೆಲ್ಲ ಆ ಮುದುಕರು ಇದೇ ಕೋಣೆಯಲ್ಲಿ, ಪಕ್ಕದ ಸ್ಟೂಲಿನ ಮೇಲೆ ಕೂತು ಹಾಡಿ ತೋರಿಸುತ್ತಿದ್ದರಂತೆ.

ವಾರವಾದ ಮೇಲೆ ಹುಡುಗ ಬಂದು ಫಾರ್ಮ್ಯಾಟ್ ಹೊಡೆದ. ಅವನು ಹೊಡೆದದ್ದು ಕ್ವಿಕ್ ಫಾರ್ಮ್ಯಾಟ್, ಅರ್ಧ ನಿಮಿಷ. ಅದು ಪುಸ್ತಕದ ಪರಿವಿಡಿ ಹರಿದುಹಾಕುವ ಕೆಲಸ ಮಾತ್ರ. ಪುಟಗಳ ಮೇಲೆ ಹೊಸದೇನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಕಳೆದದ್ದನ್ನು ಹೆಕ್ಕಿಕೊಡುವ ತಂತ್ರಾಂಶಗಳು ಕೆಲಸ ಮಾಡುವುದು ಇದರಿಂದಲೇ, ಮತ್ತು ಹೆಕ್ಕುವ ಮುಂಚೆ ಅದೇ ಡಿಸ್ಕಿಗೆ ಏನನ್ನೂ ಹಾಕಬಾರದು ಎನ್ನುವುದೂ ಇದರಿಂದಲೇ. ಹೊಸ ಎಸ್‌ಎಸ್‌ಡಿಗಳಲ್ಲಿ ಆ ಆಸೆಯೂ ಕಡಿಮೆ. ಅಳಿಸಿದ ಜಾಗವನ್ನು ಅವು ತಾವಾಗಿಯೇ ತೊಳೆದಿಡುತ್ತವೆ.

ಆ 31 ಜಿಬಿಯ ಫೈಲು ಈಗ ಎರಡು ಡಿಸ್ಕುಗಳಲ್ಲಿದೆ, ಒಂದು ಮನೆಯಲ್ಲಿ, ಒಂದು ನನ್ನ ಹಾಸ್ಟೆಲಿನಲ್ಲಿ. ತತ್ವಪದಗಳ ಯೂನಿಕೋಡ್ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಮಗನಿಗೆ ಕೊಟ್ಟೆವು, ಮೊಬೈಲಿಗೂ ಕಳಿಸಿದೆವು. ಮಿಕ್ಕ ಸಾವಿರಾರು ಕಾರ್ಡು ಕರಪತ್ರಗಳನ್ನು ಯೂನಿಕೋಡಿಗೆ ತರುವಷ್ಟು ಆಯುಷ್ಯ ನನಗಿಲ್ಲ, ಅವು ಕಿಟಕಿಯೊಳಗೇ ಇರಲಿ. ಡಾಂಗಲಿಗೆ ಮಾತ್ರ ಕಾಪಿ ಇಲ್ಲ. ಅದರ ಬಾಲದ ತೂತಿಗೆ ಅಮ್ಮ ಕೆಂಪು ದಾರ ಪೋಣಿಸಿ, ಬೀರುವಿನದೂ ದೇವರಮನೆಯದೂ ಇರುವ ಬೀಗದಕೈ ಗೊಂಚಲಿಗೆ ಕಟ್ಟಿದ್ದಾಳೆ. ಊರಿಗೆ ಹೋಗುವಾಗ ಆ ಗೊಂಚಲನ್ನು ಪಕ್ಕದ ಮನೆಗೆ ಕೊಡುವ ವಾಡಿಕೆ. ಈಗ ಕೊಡುವ ಮೊದಲು ಹಸಿರು ಡಾಂಗಲನ್ನು ಬಿಚ್ಚಿಕೊಂಡು ಪರ್ಸಿಗೆ ಹಾಕಿಕೊಳ್ಳುತ್ತಾಳೆ.